ಅಳೆದವನು ಹೇಳಲಿಲ್ಲ

ಈ ಮಾರ್ಚ್ ಹನ್ನೊಂದಕ್ಕೆ ಜಪಾನಿನ ಸುನಾಮಿಗೆ, ಅದರ ಬೆನ್ನಿಗೇ ಆದ ಫುಕುಶಿಮಾ ಅಣುಸ್ಥಾವರದ ಅನಾಹುತಕ್ಕೆ ಹದಿನೈದು ವರ್ಷ ತುಂಬಿತು. ಅವತ್ತು ಸಿಡ್ನಿಯಲ್ಲಿ ಒಂದು ಸಭೆ ಇತ್ತು. ಬೇರೆ ದೇಶಗಳಿಗೆ ನೆರವು ಒಯ್ಯುವ ಸಂಸ್ಥೆಗಳೆಲ್ಲ ಸೇರಿ, ಮತ್ತೆ ಹೀಗಾದರೆ ಏನು ಮಾಡಬೇಕು ಎಂದು ಮಾತಾಡುವ ಸಭೆ. ಜನರಿಂದ ಏನನ್ನೂ ಮುಚ್ಚಿಡಬಾರದು ಎನ್ನುವ ವಿಷಯದ ಮೇಲೆ ಮಾತಾಡಲು ಅವರು ಕರೆದದ್ದು ನನ್ನನ್ನು. ಹೆಸರು ಗುರುದತ್ತ, ವಯಸ್ಸು ಅರವತ್ತಾರು, ಹುಟ್ಟಿದ್ದು ಮೈಸೂರಿನಲ್ಲಿ, ವಿಕಿರಣ ಅಳೆಯುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು, ಬಾಯಿ ಸ್ವಲ್ಪ ಜೋರು. ಆ ಸಭೆಗೆ ಭಾಷಣ ಬರೆಯುತ್ತಾ ಕೂತಿದ್ದ ವಾರಗಳಲ್ಲೇ ನಾನು ನನ್ನ ಸ್ವಂತ ಅಕ್ಕನಿಗೂ ಅವಳ ಮಗಳಿಗೂ ಮುಖ ನೋಡಿಕೊಂಡೇ ಸುಳ್ಳು ಹೇಳುತ್ತಿದ್ದೆ.

ಮೊದಲು ಜಪಾನಿನದನ್ನು ಹೇಳಿಬಿಡುತ್ತೇನೆ. ಅದಿಲ್ಲದೆ ಇದು ಅರ್ಥವಾಗುವುದಿಲ್ಲ.

೨೦೧೧ರಲ್ಲಿ ಸಿಡ್ನಿಯ ಒಂದು ಚಿಕ್ಕ ಸ್ವಯಂಸೇವಾ ಸಂಸ್ಥೆ ಎಂಟು ಜನರ ತಂಡ ಕಳಿಸಿತು. ಕಂಬಳಿ, ನೀರಿನ ಫಿಲ್ಟರ್, ಮಕ್ಕಳ ಹಾಲಿನ ಪುಡಿ ತುಂಬಿಕೊಂಡು ಹೊರಟೆವು. ನನ್ನನ್ನು ಸೇರಿಸಿಕೊಂಡದ್ದು ಕಂಬಳಿ ಹೊರಲಿಕ್ಕಲ್ಲ. ಕೈಯಲ್ಲಿ ಮೀಟರ್ ಹಿಡಿದು ಆ ಎಂಟು ಜನ ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು ಎಂದು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದ ಕೆಲಸ. ಮೀಟರ್ ಇದ್ದದ್ದು ನಮ್ಮವರಿಗಾಗಿ ಎನ್ನುವುದನ್ನು ನೆನಪಿಟ್ಟುಕೊಳ್ಳಿ. ನನಗೆ ಅದು ಆಗ ತೀರಾ ಸಹಜ ಅನ್ನಿಸಿತ್ತು.

ನಾವು ಹೋದದ್ದು ಸ್ಥಾವರದ ವಾಯವ್ಯಕ್ಕೆ, ಬೆಟ್ಟದ ನಡುವಿನ ಒಂದು ಊರಿಗೆ. ಸರ್ಕಾರ ನಕ್ಷೆಯ ಮೇಲೆ ಎಳೆದ ಅಪಾಯದ ಗೆರೆಯಿಂದ ಅದು ಹೊರಗಿತ್ತು. ಸಮುದ್ರದ ಕಡೆಯಿಂದ ಓಡಿಬಂದವರೆಲ್ಲ ಅಲ್ಲಿನ ಶಾಲೆಯ ದೊಡ್ಡ ಹಾಲ್‌ನಲ್ಲಿ ಚಾಪೆ ಹಾಸಿಕೊಂಡಿದ್ದರು. ಗಾಳಿಯೂ ಅದೇ ದಾರಿಯಲ್ಲಿ ಬಂದಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಗಾಳಿ ಎತ್ತ ಹೋಗುತ್ತದೆ ಎಂದು ಲೆಕ್ಕ ಹಾಕಿದ ನಕ್ಷೆಗಳು ಆಗಲೇ ಕಂಪ್ಯೂಟರಿನಲ್ಲಿದ್ದವು, ಜನರ ಕೈಗೆ ಬಂದದ್ದು ಎಷ್ಟೋ ದಿನ ತಡವಾಗಿ. ಟಿವಿಯಲ್ಲಿ ಮಾತ್ರ ಅಧಿಕಾರಿಗಳು ದಿನಾ ಬಂದು, ತಕ್ಷಣಕ್ಕೆ ಆರೋಗ್ಯಕ್ಕೆ ತೊಂದರೆ ಇಲ್ಲ ಅನ್ನುತ್ತಿದ್ದರು. ಇದೆಲ್ಲ ಈಗ ಜಗತ್ತಿಗೇ ಗೊತ್ತು. ಆ ಸರ್ಕಾರವನ್ನು ನಾನು ಹದಿನೈದು ವರ್ಷ ಬೈದಿದ್ದೇನೆ, ಬೈದು ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ. ಬೈಯುವುದು ಬಹಳ ಸುಲಭ.

ಶಾಲೆಯ ಮೈದಾನದಲ್ಲಿ ಹಿಮ ಬಿದ್ದಿತ್ತು. ಮಕ್ಕಳು ಅದನ್ನು ಉಂಡೆ ಕಟ್ಟಿ ಎಸೆದಾಡುತ್ತಿದ್ದರು. ನಾನು ಮೂಲೆಯಲ್ಲಿ ಮೀಟರ್ ಹಿಡಿದೆ. ಸಿಡ್ನಿಯ ನಮ್ಮ ಮನೆಯ ಅಂಗಳದಲ್ಲಿ ಬರುವುದಕ್ಕಿಂತ ಮುನ್ನೂರು ಪಟ್ಟು ಹೆಚ್ಚು ತೋರಿಸಿತು. ಮೀಟರ್ ಕೆಟ್ಟಿರಬೇಕು ಎಂದು ಎರಡನೆಯದನ್ನು ತೆಗೆದೆ. ಅದೂ ಅಷ್ಟೇ ಅಂದಿತು. ತಂಡದ ಮುಖ್ಯಸ್ಥನಿಗೆ ಹೋಗಿ ಹೇಳಿದೆ. ಅವನು ಫೋನಿನಲ್ಲಿ ಯಾರ ಜೊತೆಗೋ ಮಾತಾಡಿ ಬಂದು, ಎರಡು ಗಂಟೆಯೊಳಗೆ ಹೊರಡೋಣ ಎಂದ. ಸಂಖ್ಯೆಯನ್ನು ಮೇಲಿನವರಿಗೆ ಕಳಿಸೋಣ, ಜನರಿಗೆ ಹೇಳುವುದು ಇಲ್ಲಿನ ಸರ್ಕಾರದ ಕೆಲಸ, ನಾವು ಅತಿಥಿಗಳು, ಗಾಬರಿ ಎಬ್ಬಿಸುವುದು ಬೇಡ ಎಂದೂ ಸೇರಿಸಿದ. ಅವನು ಕೆಟ್ಟವನಲ್ಲ. ಅವನ ಮಾತು ನನಗೂ ಸರಿ ಅನ್ನಿಸಿತು.

ನಾವು ಅವಸರದಲ್ಲಿ ಕಂಬಳಿ ಇಳಿಸುತ್ತಿದ್ದಾಗ ಶಾಲೆಯ ನರ್ಸ್ ಬಂದಳು. ಕಾನ್ನೊ ಎಂದು ಹೆಸರು, ಮೂವತ್ತೈದರ ಹೆಂಗಸು, ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಪಕ್ಕದಲ್ಲಿ ಅವಳ ಏಳು ವರ್ಷದ ಮಗಳು, ಕೆಂಪು ಕೈಗವಸು ತುಂಬ ಹಿಮ. ಕಾನ್ನೊ ನನ್ನ ಕೈಯಲ್ಲಿದ್ದ ಮೀಟರನ್ನು ನೋಡಿ, ಮಕ್ಕಳು ಹೊರಗೆ ಆಡಬಹುದಾ ಎಂದು ಕೇಳಿದಳು.

ನಾನು ನಕ್ಕೆ. ಆ ಮಗುವಿನ ತಲೆ ಸವರಿದೆ. “ಏನೂ ಆಗಲ್ಲ, ಯೋಚನೆ ಮಾಡಬೇಡಿ” ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ನಮ್ಮಲ್ಲಿ ಈ ಮಾತನ್ನು ಯಾರು ಯಾರಿಗೆ ಹೇಳುವುದಿಲ್ಲ ಹೇಳಿ. ಜ್ವರ ಬಂದ ಮಗುವಿಗೆ ಹೇಳುತ್ತೇವೆ, ಪರೀಕ್ಷೆಗೆ ಹೊರಟ ಹುಡುಗಿಗೆ ಹೇಳುತ್ತೇವೆ, ಐಸಿಯು ಬಾಗಿಲಲ್ಲಿ ನಿಂತವರಿಗೂ ಹೇಳುತ್ತೇವೆ. ಹೇಳುವವನಿಗೆ ಏನೂ ಗೊತ್ತಿರುವುದಿಲ್ಲ, ಕೇಳುವವರಿಗೂ ಅದು ಗೊತ್ತಿರುತ್ತದೆ. ಬೆನ್ನು ಸವರಿದ ಹಾಗೆ ಅದೊಂದು ಮಾತು. ಆದರೆ ಕಾನ್ನೊಗೆ ನಮ್ಮ ಈ ಪದ್ಧತಿ ಗೊತ್ತಿರಲಿಲ್ಲ. ಅವಳಿಗೆ ಕಂಡದ್ದು ಮೀಟರ್ ಹಿಡಿದ ವಿಜ್ಞಾನಿ. ಅವಳು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಳು, ಮಗಳನ್ನು ಮತ್ತೆ ಮೈದಾನಕ್ಕೆ ಬಿಟ್ಟಳು. ನಾವು ವ್ಯಾನ್ ಹತ್ತಿದೆವು.

ವಾಪಸ್ ಬಂದ ಮೇಲೆ ನನಗೆ ನಾಚಿಕೆ ಹತ್ತಿತು. ಆ ನಾಚಿಕೆಯಿಂದ ಒಂದು ನಿಯಮ ಬರೆದೆ: ಅಳೆದವನೇ, ಅಳೆದ ಜಾಗದಲ್ಲೇ, ಅಲ್ಲಿರುವವರಿಗೇ, ಒಂದು ಗಂಟೆಯೊಳಗೆ ಹೇಳಬೇಕು. ಎರಡು ಮೂರು ಸಂಸ್ಥೆಗಳು ಅದನ್ನು ತಮ್ಮ ಕೈಪಿಡಿಯಲ್ಲಿ ಸೇರಿಸಿಕೊಂಡವು. ನಾನು ಊರೂರಿಗೆ ಹೋಗಿ ಭಾಷಣ ಮಾಡಿದೆ. ಕಾನ್ನೊಗೆ ಮಾತ್ರ ಒಂದು ಕಾಗದ ಬರೆಯಲಿಲ್ಲ.

ಇನ್ನು ಅಕ್ಕನ ವಿಷಯ.

ನನ್ನ ಅಕ್ಕ ನೀಲಾ, ಊರಿಗೆಲ್ಲ ನೀಲಕ್ಕ. ಮೈಸೂರಿನಲ್ಲಿ ಮೂವತ್ತು ವರ್ಷ ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಭಾವ ತೀರಿಕೊಂಡ ಮೇಲೆ ಮಗ ತೇಜಸ್‌ನ ಜೊತೆ ಮೆಲ್ಬರ್ನಿನ ಟ್ರುಗನಿನಾದಲ್ಲಿ ಇದ್ದಳು. ಮಗಳು ಪ್ರಣತಿ ಇರುವುದು ಸಿಡ್ನಿಯಲ್ಲಿ, ನಮ್ಮ ಮನೆಯಿಂದ ಇಪ್ಪತ್ತು ನಿಮಿಷ, ಫಿಸಿಯೋಥೆರಪಿಸ್ಟ್. ತಾಯಿ ಮಗಳು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಪ್ರಣತಿ ಗಂಡನನ್ನು ಬಿಟ್ಟು ಬಂದಾಗ, ತೇಜಸ್‌ನ ಮನೆಯ ಗೃಹಪ್ರವೇಶದಲ್ಲಿ, ನೂರು ಜನರ ಎದುರಿಗೆ ಅಕ್ಕ ಅವಳಿಗೆ, “ಹೊಂದ್ಕೊಂಡು ಹೋಗೋಕೆ ನಿನಗೇನು ರೋಗ?” ಅಂದುಬಿಟ್ಟಳು. ಪ್ರಣತಿ ಎಲೆಯ ಮುಂದಿನಿಂದ ಎದ್ದು ಹೋದಳು. ಆ ಗಂಡ ಕೈ ಎತ್ತುತ್ತಿದ್ದ ಎನ್ನುವುದು ಅಕ್ಕನಿಗೆ ಗೊತ್ತಾದದ್ದು ಆಮೇಲೆ.

ಫೆಬ್ರವರಿ ಮೂರನೇ ತಾರೀಕು ತೇಜಸ್ ಫೋನ್ ಮಾಡಿದ. ಅಕ್ಕನಿಗೆ ಕಾಮಾಲೆ ಕಾಣಿಸಿಕೊಂಡು ಸ್ಕ್ಯಾನ್ ಮಾಡಿಸಿದ್ದರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಆಗಲೇ ಯಕೃತ್ತಿಗೆ ಹಬ್ಬಿದೆ. ಆಪರೇಷನ್ ಮಾಡಿ ಪ್ರಯೋಜನವಿಲ್ಲ. ಕಾಮಾಲೆ ಇಳಿಯಲು ಸ್ಟೆಂಟ್ ಎನ್ನುವ ಒಂದು ನಳಿಕೆ ಹಾಕುತ್ತಾರೆ, ನೋವಿಗೆ ಔಷಧ ಕೊಡುತ್ತಾರೆ. ಎರಡು ತಿಂಗಳು, ಹೆಚ್ಚೆಂದರೆ ಮೂರು.

“ಅಮ್ಮನಿಗೆ ಏನು ಹೇಳಿದೀಯ?” ಎಂದೆ.

“ಊತ ಇದೆ, ಸ್ಟೆಂಟ್ ಹಾಕಿದ್ರೆ ಸರಿಹೋಗುತ್ತೆ ಅಂದಿದೀನಿ. ಡಾಕ್ಟರ್ ಹತ್ರ ಎಲ್ಲಾ ನಾನೇ ಮಾತಾಡ್ತೀನಿ ಅಂದೆ. ಅಮ್ಮನೂ, ‘ಯೆಸ್ ಯೆಸ್, ಮೈ ಸನ್’ ಅಂತ ತಲೆ ಆಡಿಸಿದ್ರು. ಮಾಮ, ಪ್ಲೀಸ್, ನೀವು ಒಂದ್ಸಲ ಬನ್ನಿ. ಅವರು ನಂಬೋದು ನಿಮ್ಮನ್ನ ಮಾತ್ರ. ನೀವು ಸರಿಹೋಗುತ್ತೆ ಅಂದ್ರೆ ನೆಮ್ಮದಿಯಾಗಿ ಇರ್ತಾರೆ.”

“ಹೇಳೋದು ಒಳ್ಳೇದಲ್ವೇನೋ?”

“ಅಪ್ಪನಿಗೆ ಡಾಕ್ಟರು ನೇರವಾಗಿ ಹೇಳಿದ್ರಲ್ಲ ಮಾಮ. ಅವತ್ತು ಗೋಡೆ ಕಡೆ ತಿರುಗಿ ಮಲಗಿದವರು ಕೊನೇತನಕ ಈ ಕಡೆ ತಿರುಗಲೇ ಇಲ್ಲ. ನಾನು ಮತ್ತೆ ಅದನ್ನ ನೋಡಲಾರೆ. ಪ್ರಣತಿಗೂ ಹೇಳ್ಬೇಡಿ. ಅವಳು ಅಳ್ತಾ ಓಡಿಬಂದ್ರೆ ಅಮ್ಮನಿಗೆ ಗೊತ್ತಾಗಿಬಿಡುತ್ತೆ.”

ನಾನು ಒಪ್ಪಿಕೊಂಡೆ. ಅವನ ಕಷ್ಟ ನೋಡಿ ಒಪ್ಪಿಕೊಂಡೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜ ಹೇಳಬೇಕೆಂದರೆ, ಅಕ್ಕನ ಮುಖ ನೋಡಿಕೊಂಡು ಆ ಮಾತು ಹೇಳುವ ಧೈರ್ಯ ನನಗಿರಲಿಲ್ಲ. ಹೇಳುವುದು ಬೇಡ ಎನ್ನಲು ಒಬ್ಬ ಸಿಕ್ಕಿದ, ಬದುಕಿದೆ ಅಂದುಕೊಂಡೆ. ಹೆಂಡತಿ ಕೃಪಾ, “ಪ್ರಣತಿಗಾದ್ರೂ ಹೇಳ್ರೀ, ಅವಳ ತಾಯಿ ಅಲ್ವಾ?” ಎಂದಾಗ ಅವಳ ಮೇಲೇ ರೇಗಿದೆ.

ಎರಡು ದಿನ ಬಿಟ್ಟು ಮೆಲ್ಬರ್ನಿಗೆ ಹೋದೆ. ಅಕ್ಕ ಟ್ರುಗನಿನಾದ ಮನೆಯ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕಣ್ಣು ಅರಿಶಿನ ಹಚ್ಚಿದಂತೆ ಹಳದಿ, ಕೈಗಳು ಸಣ್ಣಗಾಗಿದ್ದವು. ನನ್ನನ್ನು ನೋಡಿದ್ದೇ, “ಬಂದ್ಯಾ ದತ್ತ? ಇವ್ರು ಹೇಳೋದು ನಂಗೆ ಒಂದೂ ತಿಳಿಯಲ್ಲ. ನೀನು ಓದಿದವನು. ನಿಜ ಹೇಳು, ಏನಾಗಿದೆ ನಂಗೆ?” ಎಂದಳು.

ಶಾಲೆಯಲ್ಲಿ ಹುಡುಗರ ಸುಳ್ಳನ್ನು ಮುಖ ನೋಡಿಯೇ ಹಿಡಿಯುತ್ತಿದ್ದವಳು ಅವಳು. ನನ್ನದನ್ನು ಹಿಡಿಯಲಿಲ್ಲ. ನನ್ನ ಮುಖವನ್ನು ಹಾಗೆ ನೋಡಬೇಕೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ.

“ಏನೂ ಆಗಲ್ಲ ಕಣೇ. ಊತ ಅಷ್ಟೆ. ಒಂದೆರಡು ತಿಂಗಳು ಸುಸ್ತಿರುತ್ತೆ” ಎಂದೆ.

ಅವಳ ಮುಖ ಸಡಿಲವಾಯಿತು. ನನಗೆ ಕಾಫಿ ಮಾಡಲು ಎದ್ದಳು, ನಾನು ಬೇಡವೆಂದರೂ ಕೇಳಲಿಲ್ಲ. ಅವತ್ತು ಮಧ್ಯಾಹ್ನ ಎರಡು ಚಪಾತಿ ತಿಂದಳು. ತೇಜಸ್ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡು ಥ್ಯಾಂಕ್ಸ್ ಮಾಮ ಎಂದ. ನೋಡಿದೆಯಾ, ಹೇಳದೇ ಇದ್ದದ್ದೇ ಒಳ್ಳೆಯದಾಯಿತು ಎಂದು ನನಗೂ ಅನ್ನಿಸಿತು.

ಸಿಡ್ನಿಗೆ ಬಂದ ಮೇಲೆ ಪ್ರಣತಿ ಮನೆಗೆ ಬಂದಳು. “ಅಮ್ಮ ಹೇಗಿದಾರೆ ಮಾಮ? ತೇಜು ಏನೋ ಸ್ಟಮಕ್ ಪ್ರಾಬ್ಲಂ ಅಂದ. ನಾನು ಹೋಗ್ಲಾ?” ಎಂದು ಕೇಳಿದಳು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು. ನಾನು ಅವಳಿಗೂ ಅದೇ ಮಾತು ಹೇಳಿದೆ. ಅವಳು, “ಸರಿ, ಹಾಗಾದ್ರೆ ಫೋನಾದ್ರೂ ಮಾಡ್ತೀನಿ. ಎತ್ತುತ್ತಾರೋ ಇಲ್ವೋ” ಎಂದಳು.

ಫೆಬ್ರವರಿ ಇಪ್ಪತ್ತೊಂದು, ಶನಿವಾರ, ನಾನು ಎರಡನೇ ಸಲ ಮೆಲ್ಬರ್ನಿಗೆ ಹೋಗಿದ್ದೆ. ಸ್ಟೆಂಟ್ ಹಾಕಿ ಕಾಮಾಲೆ ಇಳಿದಿತ್ತು, ಅಕ್ಕ ಮನೆಯೊಳಗೆ ಓಡಾಡುತ್ತಿದ್ದಳು. ಅವಳು ಸೋಫಾದ ಮೇಲೆ, ನಾನು ಪಕ್ಕದಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಕೂತಿದ್ದೆವು. ಅವಳ ಮೊಬೈಲು ಹೊಡೆದುಕೊಂಡಿತು. ಪರದೆಯ ಮೇಲೆ ಪ್ರಣತಿಯ ಫೋಟೊ. ಎರಡು ವರ್ಷದಲ್ಲಿ ಮೊದಲ ಸಲ.

ಅಕ್ಕ ಫೋನನ್ನು ಕೈಯಲ್ಲಿ ಹಿಡಿದುಕೊಂಡು ನೋಡುತ್ತಾ ಕೂತಳು. ಎತ್ತಲಿಲ್ಲ. ಅದು ಹೊಡೆದುಕೊಂಡು ನಿಂತಿತು.

“ಎತ್ತಬಾರದಿತ್ತೇನೇ?” ಎಂದೆ.

“ತಪ್ಪು ನಂದೇ ಕಣೋ” ಎಂದಳು ಅವಳು. ಇದನ್ನು ಅವಳು ಯಾರಿಗೂ ಹೇಳಿದ್ದಿಲ್ಲ. “ನೂರು ಜನದ ಮುಂದೆ ಅಂದೆ. ಅದನ್ನ ಫೋನಲ್ಲಿ ಸಾರಿ ಅಂತ ಮುಗಿಸೋಕಾಗುತ್ತಾ? ಫೋನಲ್ಲಿ ಶುರು ಮಾಡಿದ್ರೆ ನಾನೊಂದು ಅಂತೀನಿ, ಅವಳೊಂದು ಅಂತಾಳೆ, ಮತ್ತೆ ಜಗಳ. ಮೇ ಒಂಬತ್ತಕ್ಕೆ ಅವಳ ಹುಟ್ಟಿದ ಹಬ್ಬ. ಅಷ್ಟೊತ್ತಿಗೆ ಸುಸ್ತೂ ಕಮ್ಮಿ ಆಗಿರುತ್ತೆ ಅಂತ ನೀನೇ ಅಂದ್ಯಲ್ಲ. ಸಿಡ್ನಿಗೆ ಬರ್ತೀನಿ. ಅವಳ ಬಾಗಿಲಿಗೇ ಹೋಗಿ, ಎದುರಿಗೆ ನಿಂತು, ನಂದು ತಪ್ಪಾಯ್ತು ಕಣೇ ಅಂತೀನಿ. ಮಗಳ ಬಾಗಿಲಿಗೆ ತಾಯಿ ಹೋಗ್ಬೇಕು, ಅದೇ ಸರಿ. ಈಗ ಏನವಸರ?”

ಮೇ ಒಂಬತ್ತು. ನಾನು ಮನಸ್ಸಿನಲ್ಲೇ ಎಣಿಸಿದೆ. ಎಪ್ಪತ್ತೇಳು ದಿನ. ಅಷ್ಟು ದಿನ ಅವಳ ಬಳಿ ಇರಲಿಲ್ಲ ಎನ್ನುವುದು ಆ ಮನೆಯಲ್ಲಿ ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಮೇವರೆಗೆ ಕಾಯಬೇಡ ಕಣೇ ಎಂದು ನಾಲಿಗೆಯ ತುದಿಗೆ ಬಂತು. ನಿಜವಾಗಿಯೂ ಬಂತು. ಅಷ್ಟರಲ್ಲಿ ಅವಳು ನಗುತ್ತಾ, “ಆ ದಂಟು ಬಿಸಾಡ್ಬೇಡ್ವೋ, ಸಾರಿಗೆ ಹಾಕ್ತೀನಿ” ಎಂದಳು. ನಾನು ದಂಟನ್ನು ತಟ್ಟೆಗೆ ಹಾಕಿದೆ.

ಮಾರ್ಚ್ ಹನ್ನೊಂದು ಬಂತು. ಸಿಡ್ನಿಯ ಸಭೆಯಲ್ಲಿ ನಾನು ಚೆನ್ನಾಗಿಯೇ ಮಾತಾಡಿದೆ. ಸತ್ಯ ಕೇಳಿದರೆ ಜನ ಕಂಗಾಲಾಗುತ್ತಾರೆ ಎಂದು ಸರ್ಕಾರಗಳು ಹೇಳುತ್ತವೆ, ಆದರೆ ಕಂಗಾಲಾಗುವುದಕ್ಕೂ ಜನರಿಗೆ ಹಕ್ಕಿದೆ ಎಂದೆ. ಅಳೆದವನೇ ಹೇಳಬೇಕು ಎನ್ನುವ ನನ್ನ ನಿಯಮ ಓದಿದೆ. ಜೋರು ಚಪ್ಪಾಳೆ.

ಟೀ ಸಮಯದಲ್ಲಿ ಒಬ್ಬ ಹೆಂಗಸು ಹತ್ತಿರ ಬಂದಳು. ಐವತ್ತರ ವಯಸ್ಸು, ಕತ್ತರಿಸಿದ ಕೂದಲು, ಅರ್ಧ ನರೆತಿದೆ. ಹೆಸರು ಹೇಳಿದ ಮೇಲಷ್ಟೇ ಗುರುತು ಸಿಕ್ಕಿತು. ಕಾನ್ನೊ. ಅಲ್ಲಿಂದ ಸ್ಥಳಾಂತರಗೊಂಡವರ ಪರವಾಗಿ ಮಧ್ಯಾಹ್ನ ಮಾತಾಡಲು ಕರೆಸಿದ್ದರಂತೆ. ಈಗ ಇಂಗ್ಲಿಷ್ ಸರಾಗವಾಗಿ ಬರುತ್ತಿತ್ತು.

“ನಿಮ್ಮ ಮಗಳು...” ಎಂದೆ.

“ಚೆನ್ನಾಗಿದ್ದಾಳೆ. ಇಪ್ಪತ್ತೆರಡು ಈಗ” ಎಂದಳು. “ಅವಳಿಗೆ ಏನೋ ಆಯಿತು ಎಂದು ಹೇಳಲು ಬಂದಿಲ್ಲ. ನಿಮ್ಮನ್ನು ಬೈಯಲಿಕ್ಕೂ ಬಂದಿಲ್ಲ. ನೀವು ಹೋದ ಮೇಲೆ ನಾವು ಅಲ್ಲಿ ಇಪ್ಪತ್ತಾರು ದಿನ ಇದ್ದೆವು. ಆಮೇಲೆ ಸರ್ಕಾರದವರು ಬಂದು ಬಿಡಬೇಕು ಎಂದರು. ಆ ಇಪ್ಪತ್ತಾರು ದಿನ ನಾನು ಅವಳನ್ನು ಹೊರಗೆ ಆಡಲು ಬಿಟ್ಟೆ. ಬೇರೆ ಮಕ್ಕಳನ್ನೂ ಬಿಟ್ಟೆ. ಭಯಪಟ್ಟ ತಾಯಂದಿರಿಗೆ, ಆಸ್ಟ್ರೇಲಿಯಾದ ತಜ್ಞರು ಅಳೆದು ನೋಡಿ ಏನೂ ಆಗುವುದಿಲ್ಲ ಎಂದಿದ್ದಾರೆ ಅಂತ ನಾನೇ ಹೇಳಿದೆ.”

ನಾನು ಕೈಯಲ್ಲಿದ್ದ ಟೀ ಲೋಟವನ್ನು ಮೇಜಿನ ಮೇಲಿಟ್ಟೆ.

“ಒಂದೇ ಪ್ರಶ್ನೆ. ನಿಮ್ಮ ವ್ಯಾನ್ ಹೊರಟಾಗ ಕಂಬಳಿಯೆಲ್ಲ ಇಳಿಸಿ ಆಗಿತ್ತು. ಹಿಂದಿನ ಮೂರು ಸೀಟು ಖಾಲಿ ಇದ್ದವು. ನಾನು ಕೈ ಬೀಸುತ್ತಾ ನಿಂತಿದ್ದೆ, ನೋಡಿದೆ. ನೀವು ಹೇಳಿದ್ದರೆ ನಾನು ಹೋಗುತ್ತಿದ್ದೆನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಶಾಲೆಯ ಮಕ್ಕಳನ್ನು ಬಿಟ್ಟು ಹೋಗುತ್ತಿರಲಿಲ್ಲವೇನೋ. ಮಗಳನ್ನಾದರೂ ಕಳಿಸುತ್ತಿದ್ದೆನೇನೋ. ಆದರೆ ಅದನ್ನು ಯೋಚಿಸಬೇಕಾದವಳು ನಾನಾಗಿದ್ದೆ. ನೀವು ನನ್ನ ಪರವಾಗಿ ಯಾಕೆ ಯೋಚಿಸಿದಿರಿ?”

ಅವಳು ಅಳಲಿಲ್ಲ, ದನಿಯನ್ನೂ ಏರಿಸಲಿಲ್ಲ. ಉತ್ತರಕ್ಕಾಗಿ ನಿಜವಾಗಿಯೂ ಕಾಯುತ್ತಾ ನಿಂತಳು. ನನ್ನ ಬಳಿ ಇದ್ದ ಉತ್ತರ ಒಂದೇ. “ನಿಮ್ಮ ಮುಖ ನೋಡಿಕೊಂಡು ಹೇಳಲು ನನಗೆ ಧೈರ್ಯ ಬರಲಿಲ್ಲ” ಎಂದೆ. ಅವಳು ತಲೆಯಾಡಿಸಿ, ಹೇಳಿದ್ದಕ್ಕೆ ಧನ್ಯವಾದ ಎಂದು ಹೊರಟುಹೋದಳು.

ಮಧ್ಯಾಹ್ನದ ಅವಳ ಭಾಷಣವನ್ನು ನಾನು ಕೇಳಲಿಲ್ಲ. ಹೊರಗೆ ಬಂದು ಮರುದಿನ ಬೆಳಗಿನ ಫ್ಲೈಟ್ ಬುಕ್ ಮಾಡಿದೆ. ತೇಜಸ್‌ಗೆ ಫೋನ್ ಮಾಡಿ, ನಾಳೆ ಬಂದು ಅಮ್ಮನಿಗೆ ಹೇಳುತ್ತೇನೆ ಎಂದೆ. ಅವನು ಬೇಡವೆಂದು ಅತ್ತ, ಆಮೇಲೆ ಬೈದ, “ನೀವು ಹೇಳಿದ್ರೆ ನಮ್ಮನೆಗೆ ಮತ್ತೆ ಕಾಲಿಡ್ಬೇಡಿ” ಎಂದ. ನಾನು ಆಯಿತು ಎಂದೆ.

ಅಷ್ಟರಲ್ಲಿ ಅಕ್ಕನಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದ್ದರು. ಫೆಬ್ರವರಿ ಇಪ್ಪತ್ತೊಂದಕ್ಕೆ ಸಾರು ಮಾಡಿದವಳಿಗೆ ಈಗ ದಿಂಬಿಗೆ ಒರಗಿ ಕೂರಲು ಇಬ್ಬರು ಬೇಕಾಗಿತ್ತು. ಬುದ್ಧಿ ಮಾತ್ರ ಚುರುಕಾಗಿತ್ತು. ತೇಜಸ್ ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದ. ನಾನು ಅವಳ ಮಂಚದ ಪಕ್ಕ ಕೂತು, ಅವಳ ಕೈ ಹಿಡಿದುಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕ್ಯಾನ್ಸರ್ ಎಂದೆ. ಹಬ್ಬಿದೆ ಎಂದೆ. ಇನ್ನು ಕೆಲವು ವಾರ ಕೂಡ ಇಲ್ಲವೇನೋ ಎಂದೆ. ಹೇಳುತ್ತಾ ನಾನೇ ಅತ್ತೆ. ಅವಳು ಅಳಲಿಲ್ಲ. ಗೋಡೆಯ ಕಡೆಗೂ ತಿರುಗಲಿಲ್ಲ.

“ನಿಂಗೆ ಯಾವತ್ತು ಗೊತ್ತಾಯ್ತು ದತ್ತ?” ಎಂದಳು.

“ಫೆಬ್ರವರಿ ಮೂರಕ್ಕೆ.”

ಅವಳು ಲೆಕ್ಕ ಹಾಕಿದಳು. ಟೀಚರಮ್ಮ, ಬೆರಳು ಮಡಿಸದೆ ಹಾಕಿದಳು. “ಮೂವತ್ತೇಳು ದಿನ” ಎಂದಳು. ಆಮೇಲೆ ಅವಳ ಕಣ್ಣು ನನ್ನ ಮುಖದ ಮೇಲೆ ನಿಂತಿತು. “ಹಾಗಾದ್ರೆ ಪ್ರಣತಿ ಫೋನ್ ಮಾಡಿದ ದಿನ ನಿಂಗೆ ಗೊತ್ತಿತ್ತು. ನಾನು ಮೇ ತಿಂಗಳು ಅಂದಾಗ ಗೊತ್ತಿತ್ತು. ಪಕ್ಕದಲ್ಲೇ ಕೂತಿದ್ದೆ ನೀನು.”

“ಹೌದು.”

ಅವಳು ತನ್ನ ಕೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡಳು. ಕೊಡವಲಿಲ್ಲ, ಸಿಟ್ಟಿನಿಂದಲೂ ಅಲ್ಲ. ಮೆಲ್ಲಗೆ ಬಿಡಿಸಿಕೊಂಡು ಹೊದಿಕೆಯೊಳಗೆ ಇಟ್ಟುಕೊಂಡಳು.

“ಅಮ್ಮ, ನಾನೇ ಮಾಮನಿಗೆ ಬೇಡ ಅಂದಿದ್ದು” ಎಂದ ತೇಜಸ್.

“ನೀನು ಮಗ, ಹೆದರಿದೆ. ನಿನ್ನ ಮಾತು ಬೇರೆ. ಡಾಕ್ಟರನ್ನ ಕರಿ” ಎಂದಳು.

ಡಾಕ್ಟರ್ ಬಂದಳು, ಚಿಕ್ಕ ವಯಸ್ಸಿನವಳು. ತೇಜಸ್ ಅಭ್ಯಾಸದಂತೆ ಮುಂದೆ ಹೋದ. ಅಕ್ಕ ಕೈಯೆತ್ತಿ ತಡೆದು, ತನಗೆ ಬರುವ ನಾಲ್ಕು ಮಾತಿನ ಇಂಗ್ಲಿಷಿನಲ್ಲಿ, ಮಗ ಬೇಡ, ತಮ್ಮ ಬೇಡ, ಬೇರೆ ಯಾರಾದರೂ ಕನ್ನಡದವರು ಬೇಕು ಎಂದಳು. ಡಾಕ್ಟರ್ ನಮ್ಮಿಬ್ಬರ ಮುಖ ನೋಡಿದಳು. ಅನುವಾದ ಸೇವೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ಮಂಚದ ಮೇಲಿಟ್ಟಳು. ಕಾಲು ಗಂಟೆ ಕಾದ ಮೇಲೆ ಎಲ್ಲಿಂದಲೋ ಒಬ್ಬ ಹೆಂಗಸಿನ ದನಿ ಬಂತು, “ನಮಸ್ಕಾರ ಅಮ್ಮ, ಹೇಳಿ” ಎಂದು. ಮಾತಿನ ವರಸೆ ಹಾಸನದ ಕಡೆಯದಿರಬೇಕು.

ಅಕ್ಕ ಆ ಫೋನಿನ ಕಡೆಗೆ ಬಾಗಿದಳು. “ನೋಡಮ್ಮ, ನಾನು ಕೇಳಿದ್ದನ್ನ ಹಂಗೇ ಕೇಳು, ಅವರು ಹೇಳಿದ್ದನ್ನ ಹಂಗೇ ಹೇಳು. ನಾನು ಸಿಡ್ನಿಗೆ ಹೋಗ್ಬೇಕು, ಮಗಳ ಮನೆಗೆ. ಆಗುತ್ತಾ?”

ಡಾಕ್ಟರ್ ಉತ್ತರಿಸಿದಳು. ನನಗೆ ಅರ್ಥವಾಯಿತು, ಆದರೆ ಆ ಕೋಣೆಯಲ್ಲಿ ನನ್ನ ಅರ್ಥ ಯಾರಿಗೂ ಬೇಕಿರಲಿಲ್ಲ. ಫೋನಿನ ಹೆಂಗಸು ಹೇಳಿದಳು: “ಈಗ ಆಗಲ್ಲಮ್ಮ. ವಿಮಾನದಲ್ಲಿ ಕಳಿಸೋ ಸ್ಥಿತಿ ಇಲ್ಲ, ರಸ್ತೆಯಲ್ಲೂ ಕಷ್ಟ ಅಂತಿದಾರೆ. ಮಗಳೇ ಇಲ್ಲಿಗೆ ಬರೋದು ಒಳ್ಳೇದು, ಬೇಗ ಬರಲಿ ಅಂತಿದಾರೆ.”

“ಹೋದ ತಿಂಗಳು ಕೇಳಿದ್ರೆ?”

ಆ ಹೆಂಗಸು ಪ್ರಶ್ನೆಯನ್ನು ಇಂಗ್ಲಿಷಿಗೆ ದಾಟಿಸಿದಳು. ಡಾಕ್ಟರ್ ಕೈಯಲ್ಲಿದ್ದ ಹಾಳೆ ನೋಡಿದಳು, ತೇಜಸ್‌ನನ್ನು ನೋಡಿದಳು. ಅಕ್ಕ ಅವಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಡಾಕ್ಟರ್ ಎರಡು ಮಾತು ಆಡಿದಳು.

“ಹೋಗಬಹುದಿತ್ತು ಅಮ್ಮ” ಎಂದಿತು ಆ ದನಿ. “ಸ್ಟೆಂಟ್ ಹಾಕಿದ ಮೇಲೆ ಎರಡು ಮೂರು ವಾರ ನೀವು ಚೆನ್ನಾಗಿದ್ರಂತೆ. ಆಗ ಜೊತೆಗೊಬ್ಬರು ಇದ್ದಿದ್ರೆ ಹೋಗಿ ಬರಬಹುದಿತ್ತು ಅಂತಿದಾರೆ.”

“ಸರಿ ಕಣಮ್ಮ. ನಿನ್ನಿಂದ ಉಪಕಾರ ಆಯ್ತು” ಎಂದಳು ಅಕ್ಕ. ಡಾಕ್ಟರ್ ಹೋದ ಮೇಲೆ ನನಗೆ, “ನನ್ನ ಫೋನ್ ಕೊಡು. ನೀವಿಬ್ರೂ ಹೊರಗಿರಿ. ಅವಳಿಗೆ ನಾನೇ ಹೇಳ್ತೀನಿ” ಎಂದಳು. ಕೊಟ್ಟೆ. ನಾವಿಬ್ಬರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.

ಪ್ರಣತಿ ಸಂಜೆಯ ಹೊತ್ತಿಗೆ ಬಂದಳು. ಅಕ್ಕ ಆಮೇಲೆ ಹನ್ನೆರಡು ದಿನ ಇದ್ದಳು. ಅದರಲ್ಲಿ ಮಾತಾಡುವ ಹಾಗಿದ್ದದ್ದು ನಾಲ್ಕು ದಿನ, ಮಿಕ್ಕದ್ದು ಮಾರ್ಫಿನ್ನಿನ ಮಂಪರು. ಆ ನಾಲ್ಕು ದಿನ ಪ್ರಣತಿ ಆ ಕೋಣೆ ಬಿಟ್ಟು ಕದಲಲಿಲ್ಲ. ನಾನು ಹೋದಾಗ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ಅಕ್ಕ ನನ್ನ ಜೊತೆ ಊಟವಾಯಿತಾ, ಕೃಪಾ ಹೇಗಿದ್ದಾಳೆ ಎಂದು ಕೇಳುತ್ತಿದ್ದಳು. ತನಗೆ ಏನಾಗುತ್ತಿದೆ ಎಂದು ಮತ್ತೆ ಒಂದು ಸಲವೂ ನನ್ನನ್ನು ಕೇಳಲಿಲ್ಲ.

ಕಳೆದ ಭಾನುವಾರ ಪ್ರಣತಿ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಅವಳು ನನ್ನನ್ನು ಬಿಟ್ಟುಹಾಕಿಲ್ಲ, ಬರುತ್ತಾಳೆ, ಕೃಪಾಳ ಜೊತೆ ನಗುತ್ತಾಳೆ ಕೂಡ. ತಟ್ಟೆ ತೊಳೆಯುತ್ತಾ ಇಬ್ಬರೇ ಇದ್ದಾಗ ನಾನು ತಡೆಯಲಾರದೆ, “ಆ ನಾಲ್ಕು ದಿನ ಅಮ್ಮ ಏನಂದಳೇ ನಿಂಗೆ?” ಎಂದು ಕೇಳಿದೆ.

ಅವಳು ನಲ್ಲಿ ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಅವಳ ತಾಯಿಯದೇ ಕಣ್ಣು.

“ಅದು ಬಿಡಿ ಮಾಮ” ಎಂದಳು. “ನೀವು ಯೋಚನೆ ಮಾಡ್ಬೇಡಿ.”

ಮತ್ತೆ ನಲ್ಲಿ ತಿರುಗಿಸಿ ತಟ್ಟೆ ತೊಳೆಯತೊಡಗಿದಳು. ನಾನು ಒರೆಸುವ ಬಟ್ಟೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.